ಕುಮುದಿನಿ ಬಾಯಿ ಬಿಟ್ಟ ಮಧ್ಯಾಹ್ನ

ಉಳ್ಳಾಲದ ಮೊಗವೀರಪಟ್ಣದಲ್ಲಿ ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ಯಾರ ಅತ್ತೆ ಯಾರ ಸೊಸೆಯೊಡನೆ ಮಾತು ಬಿಟ್ಟಿದ್ದಾಳೆ ಎಂಬುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ಯಾವ ದೋಣಿಗೆ ಮೀನು ಎಲ್ಲಿ ಸಿಕ್ಕಿತು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಕೇಳಬಾರದು ಎಂದೇನಿಲ್ಲ. ದೋಣಿ ದಡಕ್ಕೆ ಎಳೆಯುವಾಗ ಕೇಳುತ್ತಾರೆ, ಉತ್ತರವೂ ಸಿಗುತ್ತದೆ. ದಕ್ಷಿಣಕ್ಕೆ ಹೋಗಿ ಬಂದವನು ಉತ್ತರದ ಹೆಸರು ಹೇಳುತ್ತಾನೆ. ಹತ್ತಿರದಲ್ಲೇ ಗಾಳ ಹಾಕಿದವನು ದೂರ ಹೋಗಿದ್ದೆ ಎನ್ನುತ್ತಾನೆ. ಕೇಳಿದವನು ತಲೆಯಾಡಿಸುತ್ತಾನೆ, ನಂಬುವುದಿಲ್ಲ. ಇದನ್ನು ಸುಳ್ಳೆಂದು ಕರೆಯುವ ವಾಡಿಕೆಯೂ ಅಲ್ಲಿಲ್ಲ. ಅಣ್ಣ ತಮ್ಮನಿಗೆ ಜಾಗ ಹೇಳುವುದಿಲ್ಲ, ಗಂಡ ಹೆಂಡತಿಗೆ ಹೇಳುವುದಿಲ್ಲ. ಹೇಳಿದರೆ ಮರುದಿನ ಅಲ್ಲಿ ಹತ್ತು ದೋಣಿ ನಿಂತಿರುತ್ತವೆ.

ಕುಮುದಿನಿ ಬೆಂಗ್ರೆಯ ಹುಡುಗಿ. ಮದುವೆಯಾಗಿ ನದಿಯ ಈಚೆಗೆ ಬಂದವಳು. ಶನಿವಾರದ ಭಜನೆಗೆ ಮಂದಿರಕ್ಕೆ ಬಂದರೆ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಹಾಡುವುದಿಲ್ಲ, ತಾಳ ಮಾತ್ರ ಹಿಡಿಯುತ್ತಾಳೆ, ತಪ್ಪುವುದಿಲ್ಲ. ಮಂಗಳಾರತಿಯ ನಂತರ ಮಂದಿರದ ಮೆಟ್ಟಿಲಲ್ಲಿ ಕೂತು ಅವಳು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎರಡೂ ಸೇರಿ ಇಲ್ಲಿದೆ.

ಮೊದಲೆಲ್ಲ ಅವಳು ಮೀನಿನ ಬುಟ್ಟಿ ಹೊತ್ತು ಬಸ್ಸಿನ ಹಿಂದಿನ ಸೀಟಿನಲ್ಲಿ ಶಕ್ತಿನಗರದವರೆಗೆ ಹೋಗುತ್ತಿದ್ದಳು. ಮೊಣಕಾಲು ನೋವು ಬಂದ ಮೇಲೆ ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಕೂತಿದ್ದಾಳೆ. ಹಳೆಯ ಮನೆಗಳವರು ಫೋನಿನಲ್ಲಿ ಹೇಳುತ್ತಾರೆ, ಮೀನು ಆಟೋದಲ್ಲಿ ಹೋಗುತ್ತದೆ. ಯಾರಿಗೆ ತಲೆ ಬೇಕು, ಯಾರಿಗೆ ಬೇಡ, ಯಾರಿಗೆ ಸೋಮವಾರ ಆಗುವುದಿಲ್ಲ ಎಂದು ನೆನಪಿಡಲು ಮಗಳು ದೀಕ್ಷಿತಾ ಮನೆಯ ದೊಡ್ಡ ಫೋನಿಗೆ ಒಂದು ಎಐ ಸಹಾಯಕವನ್ನು ಹಾಕಿಕೊಟ್ಟಳು. ಬರೆಯುವ ಕೆಲಸವಿಲ್ಲ. ಬಾಯಲ್ಲಿ ಹೇಳಿದರೆ ಅದು ನೆನಪಿಟ್ಟುಕೊಳ್ಳುತ್ತದೆ, ಕೇಳಿದರೆ ಕನ್ನಡದಲ್ಲಿ ಹೇಳುತ್ತದೆ.

ಅದರ ನೆನಪು ಹೇಗಿರುತ್ತದೆ ಎಂದು ಕುಮುದಿನಿಗೆ ಗೊತ್ತಾದದ್ದು ಶಕ್ತಿನಗರದ ಹಳೆಯ ಗಿರಾಕಿ ಜಾನೆಟ್ ಬಾಯಿ ಎಂಬವರಿಂದ. ಮೊಮ್ಮಗು ಬಂದಿದೆ, ಸಿಗಡಿ ತಿಂದರೆ ಅದಕ್ಕೆ ಮೈಯೆಲ್ಲ ತುರಿಕೆ, ಸಿಗಡಿ ಕಳಿಸಬೇಡಿ ಎಂದು ಅವರು ಹೇಳಿದ್ದರು. ಕುಮುದಿನಿ ಅದನ್ನು ಫೋನಿಗೆ ಹೇಳಿದಳು. ಆಮೇಲೆ ಒಳ್ಳೆಯ ಸಿಗಡಿ ಬಂದಾಗೆಲ್ಲ ಯಾರಿಗೆ ಕಳಿಸಲಿ ಎಂದು ಕೇಳಿದರೆ ಅದು ಜಾನೆಟ್ ಬಾಯಿಯನ್ನು ಬಿಟ್ಟು ಉಳಿದವರ ಹೆಸರು ಹೇಳುತ್ತಿತ್ತು. ಕೊನೆಗೊಂದು ದಿನ ಅವರೇ ಫೋನ್ ಮಾಡಿ ರೇಗಿದರು.

"ಎಂತ ಕುಮುದಿನಿ, ಊರಿಗೆಲ್ಲ ಸಿಗಡಿ, ನನಗೆ ಮಾತ್ರ ಬೂತಾಯಿಯಾ?"

"ಮೊಮ್ಮಗುವಿಗೆ ಆಗುದಿಲ್ಲ ಹೇಳಿದ್ರಲ್ಲ ಬಾಯಿ?"

"ಮೊಮ್ಮಗು ಬಜಪೆಗೆ ವಾಪಸ್ ಹೋಗಿ ಶಾಲೆ ಶುರುವಾಯ್ತು ಮಾರಾಯ್ತಿ!"

ಕುಮುದಿನಿ ಫೋನನ್ನು ಗದರಿಸಿದಳು. ಅದು ಶಾಂತವಾಗಿ ಹೇಳಿತು: "ಮಗು ಹಿಂತಿರುಗಿದ ವಿಷಯ ನನಗೆ ತಿಳಿದಿರಲಿಲ್ಲ. ರಜೆ ಮುಗಿದಾಗ ನಾನು ನಿಮ್ಮನ್ನು ಒಮ್ಮೆ ಕೇಳಬಹುದಿತ್ತು."

"ಹೇಳಿದ್ದನ್ನು ಅದು ಬಿಡುವುದಿಲ್ಲ, ಹೇಳದ್ದು ಅದಕ್ಕೆ ಗೊತ್ತಿಲ್ಲ," ಎಂದಳು ಅವಳು ನನಗೆ. "ಅದರ ಹತ್ರ ಮಾತಾಡುವಾಗ ಜಾಗ್ರತೆ ಬೇಕು."

ಅವಳ ಗಂಡ ಕಿಟ್ಟುವಿನ ಜಾಗ್ರತೆ ಬೇರೆ ರೀತಿಯದು. ಕಿಟ್ಟು ಒಂದೇ ಎಂಜಿನ್ನಿನ ಸಣ್ಣ ಫೈಬರ್ ದೋಣಿಯಲ್ಲಿ ಒಬ್ಬನೇ ಗಾಳ ಹಾಕಲು ಹೋಗುವವನು. ಸಂಜೆ ಜಗಲಿಯಲ್ಲಿ ಕೂತು ಅವನೂ ಅದರೊಡನೆ ಮಾತಾಡಲು ಶುರುಮಾಡಿದ. ಎಷ್ಟು ಸೀಮೆಎಣ್ಣೆ ಉರಿಯಿತು, ಗಾಳಿ ಯಾವ ಕಡೆಯದು, ಯಾವ ಮೀನು ಬಂತು ಎಂದು ಹೇಳುವನು. ಕ್ಯಾನ್ ಯಾವಾಗ ತುಂಬಿಸಬೇಕು, ಅಮಾವಾಸ್ಯೆ ಕಳೆದ ಮೇಲೆ ಹಿಂದೆ ಎಂಥ ಮೀನು ಸಿಕ್ಕಿತ್ತು ಎಂದು ಕೇಳುವನು. ಎಲ್ಲವನ್ನೂ ಸರಿಯಾಗಿ ಹೇಳುವವನು ಜಾಗ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡು, "ಇವತ್ತು ಪಣಂಬೂರಿನ ಎದುರು ಮಾರಾಯ," ಎನ್ನುತ್ತಿದ್ದ.

ದೀಕ್ಷಿತಾ ಒಂದು ಸಂಜೆ ತಡೆಯಲಾರದೆ ಕೇಳಿದಳು. "ಅಪ್ಪ, ಅದಕ್ಕಾದರೂ ಸತ್ಯ ಹೇಳಿ. ನಿಮಗೇ ಉಪಕಾರ ಆಗ್ತದೆ."

"ಶೈಲೇಶನ ಫೋನಿನಲ್ಲಿಯೂ ಇದೇ ಉಂಟಲ್ಲ?" ಶೈಲೇಶ್ ಕಿಟ್ಟುವಿನ ಅಕ್ಕನ ಮಗ, ಅವನೂ ಮೀನು ಹಿಡಿಯುವವನು.

"ಉಂಟು. ಅದಕ್ಕೆ?"

"ಇಲ್ಲಿ ಕಿವಿ, ಅಲ್ಲಿ ಬಾಯಿ. ನಾನು ಸಂಜೆ ಇದಕ್ಕೆ ಹೇಳಿದ್ರೆ ಅವನು ಬೆಳಿಗ್ಗೆ ಅಲ್ಲಿ ಗಾಳ ಹಾಕ್ತಾನೆ."

"ಅಯ್ಯೋ ಅಪ್ಪ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುದಿಲ್ಲ ಅದು."

"ಊರಿನಲ್ಲಿ ಎಲ್ಲರೂ ಹಾಗೆಯೇ ಹೇಳುದು ಮಗಾ," ಎಂದ ಕಿಟ್ಟು.

ಒಮ್ಮೆ ಫೋನು ತಾನಾಗಿಯೇ, ಹಿಂದಿನ ವಾರಗಳನ್ನು ನೋಡಿದರೆ ನಾಳೆ ಪಣಂಬೂರಿನ ಎದುರು ಒಳ್ಳೆಯ ಮೀನು ಸಿಗಬಹುದು ಎಂದು ಸಲಹೆ ಕೊಟ್ಟಿತು. ಕಿಟ್ಟು ಕೆಮ್ಮು ಬರುವಷ್ಟು ನಕ್ಕ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಕುಮುದಿನಿಯೂ ನಕ್ಕಳು. ಅವನು ಜಿಪಿಎಸ್ ಇಟ್ಟುಕೊಂಡವನಲ್ಲ, ಯಾರ ಕೈಗಾದರೂ ಸಿಕ್ಕಿದರೆ ಒಳಗಿನ ಜಾಗವೆಲ್ಲ ಅವರದಾಗುತ್ತದೆ ಎಂದು. ಸಮುದ್ರಕ್ಕೆ ಒಯ್ಯುತ್ತಿದ್ದದ್ದು ಹಳೆಯ ಕೀಪ್ಯಾಡ್ ಫೋನು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ.

ಸೆಪ್ಟೆಂಬರಿನ ಆ ದಿನ ಅವನು ಎಂದಿನಂತೆ ಬೆಳಕು ಹರಿಯುವ ಮೊದಲೇ ಹೋದ. ಬಿಸಿಲೇರುವ ಹೊತ್ತಿಗೆ ಅವನ ಮೀನು ಮಾರ್ಕೆಟಿಗೆ ಬರಬೇಕು. ಬರಲಿಲ್ಲ. ಕುಮುದಿನಿ ಬೇರೆಯವರಿಂದ ಕೊಂಡ ಬಂಗುಡೆ ಮಾರುತ್ತ ಕೂತಿದ್ದಳು.

ಪಕ್ಕದಲ್ಲಿ ಮೀನು ಮಾರುವ ಮೊಯ್ದೀನಬ್ಬ ಬಹಳ ಕಾಲದ ಪರಿಚಯ. "ಕುಮುದಕ್ಕ, ಕಿಟ್ಟಣ್ಣ ಇವತ್ತು ಮೀನಿನ ಮನೆಯಲ್ಲೇ ಊಟಕ್ಕೆ ನಿಂತ್ರಾ?" ಎಂದು ತಮಾಷೆ ಮಾಡಿದ.

"ಅಲ್ಲಿಯೂ ಸಾರಿಗೆ ಉಪ್ಪು ಸಾಲದು ಅಂತ ಜಗಳ ಮಾಡ್ತಿರಬೇಕು," ಎಂದಳು ಅವಳು.

ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿತು. ಫೋನ್ ಮಾಡಿದರೆ ವ್ಯಾಪ್ತಿಯ ಹೊರಗಿದ್ದಾರೆ ಎಂದಿತು. ಮತ್ತೊಮ್ಮೆ ಮಾಡಿದಳು, ಅದೇ. ಅಷ್ಟರಲ್ಲಿ ಗಾಳಿ ಎದ್ದಿತು. ಮಾರ್ಕೆಟಿನ ಮೇಲೆ ಕಟ್ಟಿದ್ದ ಟರ್ಪಾಲು ಪಟಪಟನೆ ಬಡಿಯಿತು, ಒಂದು ಮೂಲೆ ಕಿತ್ತು ಹಾರಿತು. ಸಂಜೆಯ ಹೊತ್ತಿಗೆ ಗಾಳಿ ಜೋರಾಗುತ್ತದೆ, ಸಣ್ಣ ದೋಣಿಗಳು ಇಳಿಯಬಾರದು ಎಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಅದಕ್ಕೇ ಎಲ್ಲರೂ ಬೇಗ ತಿರುಗಿ ಬಂದಿದ್ದರು. ಮೊಯ್ದೀನಬ್ಬ ತಮಾಷೆ ನಿಲ್ಲಿಸಿ ತನ್ನ ಮೀನಿನ ಮೇಲೆ ಗೋಣಿ ಎಳೆದ.

"ನನ್ನ ಟೆಂಪೊ ಹತ್ತಿ ಕುಮುದಕ್ಕ."

"ಮೀನು?"

"ಸತ್ತ ಮೀನು ಎಲ್ಲಿಗೂ ಓಡುದಿಲ್ಲ. ಹತ್ತಿ."

ದಡದಲ್ಲಿ ಆಗಲೇ ಜನ ಸೇರಿತ್ತು. ಶೈಲೇಶ್ ತನ್ನ ದೊಡ್ಡ ದೋಣಿಯನ್ನು ನೀರಿಗೆ ತಳ್ಳಿಸಿ ನಿಂತಿದ್ದ. ಅದಕ್ಕೆ ಎರಡು ಎಂಜಿನ್. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ದೀಕ್ಷಿತಾ ಅಂದು ರಜೆಯಲ್ಲಿದ್ದಳು. ಅವಳು ಕರಾವಳಿ ಕಾವಲು ಪೊಲೀಸರಿಗೆ ಫೋನ್ ಮಾಡಿದ್ದಳು. ಹೊರಡುತ್ತೇವೆ, ಎಲ್ಲಿ ಹುಡುಕಬೇಕು ಎಂದು ಅವರು ಕೇಳಿದ್ದರು. ಶೈಲೇಶನೂ ಅದನ್ನೇ ಕೇಳಿದ.

"ಮಾಮಿ, ಮಾಮ ಎಲ್ಲಿಗೆ ಹೋದದ್ದು?"

"ನನಗೆ ಹೇಳಲಿಲ್ಲ."

"ಹೆಂಡತಿಗೂ ಹೇಳಲಿಲ್ವಾ?"

"ನಿನ್ನ ಹೆಂಡತಿಗೆ ನೀನು ಹೇಳಿ ಹೋಗ್ತಿಯಾ?"

ಮಾಮ, ಅಳಿಯ ಇಬ್ಬರಿಗೂ ಅಷ್ಟಕ್ಕಷ್ಟೆ. ಕಿಟ್ಟುವಿನ ಬುಟ್ಟಿಯಲ್ಲಿ ಬರುವ, ಒಳ್ಳೆಯ ಬೆಲೆಯ ಮುರು ಮೀನನ್ನು ಶೈಲೇಶ್ ಕಣ್ಣಲ್ಲೇ ತೂಗುತ್ತಿದ್ದದ್ದು ಕುಮುದಿನಿಗೆ ತಿಳಿಯದ ವಿಷಯವಲ್ಲ. ಆದರೂ ಇಂದು ಮೊದಲು ನೀರಿಗೆ ಇಳಿದವನು ಅವನೇ.

ದೀಕ್ಷಿತಾ ಮನೆಗೆ ಓಡಿ ದೊಡ್ಡ ಫೋನ್ ತಂದಳು. ಗಾಳಿಗೆ ಕೇಳಿಸಲಿ ಎಂದು ಧ್ವನಿ ಏರಿಸಿದಳು. "ಅಪ್ಪ ಸಮುದ್ರದಿಂದ ಬರಲಿಲ್ಲ. ಇವತ್ತು ಎಲ್ಲಿಗೆ ಹೋಗ್ತೇನೆ ಅಂತ ನಿನಗೆ ಹೇಳಿದ್ದಾರಾ?"

"ನಿನ್ನೆ ಸಂಜೆ, ನಾಳೆ ಪಣಂಬೂರಿನ ಎದುರು ಹೋಗುತ್ತೇನೆ ಎಂದಿದ್ದರು. ಕಳೆದ ತಿಂಗಳುಗಳಲ್ಲೂ ಹೆಚ್ಚಾಗಿ ಅದೇ ಜಾಗವನ್ನು ಹೇಳಿದ್ದಾರೆ. ಆದರೆ ಇದು ಅವರು ಹೇಳಿದ ಮಾತು ಮಾತ್ರ. ಅವರು ಹೇಳಿದ ಕೆಲವು ವಿಷಯಗಳು ಈ ಜಾಗಕ್ಕೆ ಹೊಂದಿ..."

ಉಳಿದದ್ದನ್ನು ಯಾರೂ ಕೇಳಲಿಲ್ಲ. ಪಣಂಬೂರು ಎಂಬ ಹೆಸರು ಸಿಕ್ಕಿದ್ದೇ ಸಾಕಾಯಿತು. ದಡವಿಡೀ ಪಣಂಬೂರು, ಪಣಂಬೂರು ಎಂದು ಕೂಗು ಎದ್ದಿತು. ಯಾರೋ ಪೊಲೀಸರಿಗೆ ಹೇಳಿಯೂ ಆಯಿತು. ಶೈಲೇಶ್ ಹಗ್ಗ ಎಳೆದ, ಮೊದಲ ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು. ದೋಣಿಯ ಮೂತಿ ಉತ್ತರಕ್ಕೆ ತಿರುಗಿತು.

ಆ ಕ್ಷಣದ ಬಗ್ಗೆ ಕುಮುದಿನಿ ನನಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾಳೆ. ಪ್ರತಿ ಸಲವೂ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ. ಕಿಟ್ಟು ಪಣಂಬೂರು ಎಂದದ್ದು ಅವನ ಅಭ್ಯಾಸ ಎಂದು ಅವಳಿಗೆ ಗೊತ್ತು. ಇಂದು ಒಂದು ದಿನ ನಿಜವಾಗಿ ಅಲ್ಲಿಗೇ ಹೋಗಿದ್ದರೆ? ಎರಡು ಎಂಜಿನ್ನಿನ ದೋಣಿ ಇದೊಂದೇ, ಅದನ್ನೂ ತಾನೇ ತಡೆದಂತಾದರೆ? ತಡೆಯುವುದಾದರೆ ಎಲ್ಲರೆದುರು ಬಾಯಿ ಬಿಡಬೇಕು. ಗಂಡ ಇಷ್ಟು ಕಾಲ ಕಾದುಕೊಂಡ ಜಾಗ ಪಣಂಬೂರಿನ ಕಡೆ ಅಲ್ಲ ಎಂದು ಶೈಲೇಶನ ಕಿವಿಗೇ ಹಾಕಬೇಕು. ಆ ಜಾಗದ ಮೀನಿನಿಂದಲೇ ಮನೆ ನಡೆದದ್ದು, ಮಗಳು ಓದಿದ್ದು. ಬದುಕಿ ಬಂದರೆ ಅವನು ಏನೆನ್ನುತ್ತಾನೆ?

ಅವಳು ನೀರಿಗೆ ಇಳಿದಳು. ಸೊಂಟದವರೆಗೆ ಹೋಗಿ ದೋಣಿಯ ಅಂಚು ಹಿಡಿದಳು. ಬಂದ ತೆರೆಯೊಂದು ಅವಳ ತಲೆಯ ಮೇಲಿಂದ ಹೋಯಿತು. ಕೈ ಬಿಡಲಿಲ್ಲ.

"ಅಲ್ಲಿಗೆ ಹೋಗಬೇಡ ಶೈಲೇಶ."

"ಮಾಮಿ, ಬಿಡಿ! ಹೊತ್ತಾಗ್ತದೆ!"

"ಅವರು ಅಲ್ಲಿಗೆ ಹೋದವರಲ್ಲ. ಅವರು ಫೋನಿಗೂ ಸುಳ್ಳು ಹೇಳ್ತಾರೆ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಶೈಲೇಶ್ ಎಂಜಿನ್ನಿನ ವೇಗ ಇಳಿಸಿದ.

"ಎಷ್ಟು ಸಮಯದಿಂದ?"

"ಮೊದಲ ದಿನದಿಂದ."

ದೀಕ್ಷಿತಾ ಫೋನನ್ನು ಎದೆಯ ಹತ್ತಿರ ಹಿಡಿದು ಗಾಳಿಗೆ ಬೆನ್ನು ಮಾಡಿದಳು. "ಕೇಳು. ಅಪ್ಪ ಹೇಳಿದ ಜಾಗದ ಹೆಸರು ಯಾವುದೂ ಸತ್ಯ ಅಲ್ಲ. ಅದನ್ನೆಲ್ಲ ಬಿಟ್ಟು ನೋಡು. ಎಲ್ಲಿ ಇರಬಹುದು?"

"ಸೀಮೆಎಣ್ಣೆ, ಗಾಳಿ, ಮೀನು, ಇವುಗಳ ವಿಷಯದಲ್ಲಿ ಅವರು ಹೇಳಿದ್ದು ಸತ್ಯವೇ?"

ದೀಕ್ಷಿತಾ ತಾಯಿಯ ಮುಖ ನೋಡಿದಳು. ಒದ್ದೆ ಸೀರೆಯಲ್ಲಿ ಮರಳಿಗೆ ಬಂದು ನಿಂತಿದ್ದ ಕುಮುದಿನಿ ಫೋನಿಗೆ ಬಾಗಿ ಹೇಳಿದಳು: "ಎಣ್ಣೆ ಸತ್ಯ. ಗಾಳಿ ಸತ್ಯ. ಮೀನು ನಾನೇ ಮಾರಿದ್ದು."

"ಹಾಗಾದರೆ ಮೂರು ವಿಷಯಗಳಿವೆ. ಪಣಂಬೂರು ಎಂದ ದಿನಗಳಲ್ಲಿ ಬಂದದ್ದು ಮುರು ಮತ್ತು ಕಲ್ಲುಗಳ ನಡುವೆ ಇರುವ ಇತರ ಮೀನು. ಗಾಳ ಕಲ್ಲಿಗೆ ಸಿಕ್ಕಿ ಹಗ್ಗ ತುಂಡಾಯಿತು ಎಂದೂ ಕೆಲವು ಸಲ ಹೇಳಿದ್ದಾರೆ. ಎರಡನೆಯದು, ಉತ್ತರದಿಂದ ಗಾಳಿ ಬೀಸಿದ ದಿನ, ಬರುವಾಗ ಎಂಜಿನ್ ಒದ್ದಾಡಿತು ಎಂದಿದ್ದರು. ಪಣಂಬೂರಿನಿಂದ ಉಳ್ಳಾಲಕ್ಕೆ ಬರುವವರಿಗೆ ಆ ಗಾಳಿ ಹಿಂದಿನಿಂದ ತಳ್ಳಬೇಕಿತ್ತು. ಎದುರು ಬಂದಿದೆ ಎಂದರೆ ಅವರು ದಕ್ಷಿಣದಿಂದ ಬರುತ್ತಿದ್ದರು. ಮೂರನೆಯದು, ಉರಿದ ಎಣ್ಣೆ ನೋಡಿದರೆ ಜಾಗ ಸೋಮೇಶ್ವರಕ್ಕಿಂತ ಆಚೆ ಇರಬೇಕು."

ಹಿಂದೆ ನಿಂತಿದ್ದ ಒಬ್ಬ ಮುದುಕ "ಹೌದಲ್ಲ ಮಾರಾಯ" ಎಂದ, ತನಗೇ ಹೇಳಿಕೊಂಡಂತೆ.

"ನನಗೆ ಖಚಿತವಿಲ್ಲ," ಎಂದಿತು ಫೋನು. "ಸಾಧ್ಯವಾದರೆ ಉತ್ತರಕ್ಕೂ ಒಂದು ದೋಣಿ ಹೋಗಲಿ. ಇನ್ನೊಂದು ಪ್ರಶ್ನೆ. ಸೋಮೇಶ್ವರದ ಆಚೆ ನೀರಿನಡಿ ಕಲ್ಲುಗಳಿರುವ ಜಾಗ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ?"

ಒಬ್ಬ ಮೋಡ ನೋಡಿದ. ಇನ್ನೊಬ್ಬ ಬಗ್ಗಿ ಪ್ಯಾಂಟಿನ ಮರಳು ಕೊಡವಿದ. ಆಗ ನಾನೂ ಅಲ್ಲಿದ್ದೆ. ಅಷ್ಟು ಗಂಡಸರು ಒಟ್ಟಿಗೆ ಮೌನವಾದದ್ದನ್ನು ಮಂದಿರದ ಒಳಗೂ ನಾನು ನೋಡಿಲ್ಲ. ತೆರೆಗಳು ಒಂದರ ಮೇಲೊಂದು ಬಂದು ಶೈಲೇಶನ ದೋಣಿಯನ್ನು ಗುದ್ದುತ್ತಿದ್ದವು.

ಕುಮುದಿನಿ ಶೈಲೇಶನನ್ನೇ ನೋಡಿದಳು. "ನಾನು ಗಂಡನ ಮರ್ಯಾದೆ ತೆಗೆದಾಯ್ತು ಮಗಾ. ಇನ್ನು ನಿನ್ನದು."

ಶೈಲೇಶ್ ಮುಖ ಒರೆಸಿಕೊಂಡ. "ತಲಪಾಡಿಯ ಎದುರು ಒಂದು ಕಲ್ಲುಂಟು," ಎಂದ ಕೆಳದನಿಯಲ್ಲಿ. "ನಾನೂ ಹೋಗುದುಂಟು."

"ಒಂದಲ್ಲ, ಎರಡು," ಎಂದಿತು ಹಿಂದಿನಿಂದ ಒಂದು ಧ್ವನಿ.

"ಎರಡನೆಯದಕ್ಕೆ ಗಾಳ ಸಿಕ್ಕುದು ಹೆಚ್ಚು," ಎಂದಿತು ಮತ್ತೊಂದು.

"ಓಹೋ!" ಎಂದ ಮೊಯ್ದೀನಬ್ಬ. "ಇಷ್ಟು ವರ್ಷ ಒಬ್ಬರಿಗೊಬ್ಬರು ಎಂತ ಅಡಗಿಸಿದ್ದು ನೀವು?"

ಯಾರಿಗೂ ನಗುವ ಮನಸ್ಸಿರಲಿಲ್ಲ. ಶೈಲೇಶ್ ಎರಡೂ ಎಂಜಿನ್ ಹೊತ್ತಿಸಿದ. "ಬೆಳಿಗ್ಗೆಯೇ ಎಂಜಿನ್ ನಿಂತಿದ್ದರೆ ಈಗ ಕಲ್ಲಿನ ಹತ್ರ ಇರುದಿಲ್ಲ. ನೀರು ದಕ್ಷಿಣಕ್ಕೆ ಎಳೀತದೆ, ಗಾಳಿ ದಡಕ್ಕೆ ತಳ್ತದೆ. ಕಲ್ಲಿನಿಂದ ಕೆಳಗೆ ಮಂಜೇಶ್ವರದವರೆಗೆ ನೋಡ್ತೇನೆ." ದೀಕ್ಷಿತಾ ಪೊಲೀಸರಿಗೆ ಮತ್ತೆ ಫೋನ್ ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮೊಯ್ದೀನಬ್ಬ ಕೋಟೆಪುರದಲ್ಲಿ ದೋಣಿ ಇರುವ ತನ್ನ ತಂಗಿಯ ಮಗ ಕಬೀರನನ್ನು ಉತ್ತರಕ್ಕೆ ಕಳಿಸಿದ. ಸಣ್ಣ ದೋಣಿ, ಈ ಗಾಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆ ದಾಟಿ ಹೋಗುವುದೇ ಹೆಚ್ಚು. ಆದರೂ ಹೋದ.

ಆಮೇಲೆ ಕಾಯುವುದು.

ಹೆಂಗಸರು ಭಜನಾ ಮಂದಿರದ ಮುಂದೆ ಕೂತೆವು. ಯಾರೋ ಒಳಗೆ ದೀಪ ಹಚ್ಚಿದರು, ಗಾಳಿಗೆ ಆರಿತು. ಮತ್ತೆ ಹಚ್ಚಿ ಬಾಗಿಲು ಅರ್ಧ ಮುಚ್ಚಿದರು. ಯಾರೂ ಹಾಡಲಿಲ್ಲ. ದೇವರ ಹತ್ತಿರ ಕೇಳಬೇಕಾದದ್ದನ್ನು ಬಾಯಿ ಬಿಟ್ಟು ಕೇಳುವ ಧೈರ್ಯ ಕೆಲವೊಮ್ಮೆ ಬರುವುದಿಲ್ಲ. ಕುಮುದಿನಿ ಒದ್ದೆ ಸೀರೆಯಲ್ಲೇ ಇದ್ದಳು, ಬದಲಾಯಿಸು ಎಂದರೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಫೋನನ್ನು ಮಗಳ ಕೈಯಿಂದ ತೆಗೆದುಕೊಂಡಳು.

"ನೀನು ಹೇಳಿದ್ದು ಸರಿಯಾ?"

"ನನಗೆ ತಿಳಿಯದು ಕುಮುದಿನಿಯವರೇ. ಕಾರಣಗಳು ದಕ್ಷಿಣದ ಕಡೆಗೇ ಹೆಚ್ಚಿವೆ. ಅವರು ಇಂದು ಎಲ್ಲಿ ಹೋದರು ಎಂಬುದು ನನ್ನ ನೆನಪಿನಲ್ಲಿಲ್ಲ."

ಅವಳು ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು. "ಸುಳ್ಳಾದರೂ ಧೈರ್ಯ ಹೇಳ್ತಿತ್ತು ಮನುಷ್ಯರಾಗಿದ್ರೆ," ಎಂದಳು ನನಗೆ. ಸ್ವಲ್ಪ ತಡೆದು, "ಇದೇ ಒಳ್ಳೆಯದು. ಸುಳ್ಳು ಸಾಕಾಯ್ತು," ಎಂದಳು.

ಕಬೀರನಿಂದ ಫೋನ್ ಬಂತು. ಪಣಂಬೂರಿನ ಎದುರು ಯಾವ ದೋಣಿಯೂ ಇಲ್ಲ, ಅಲೆ ಜೋರಾಗಿದೆ, ತಿರುಗುತ್ತಿದ್ದೇನೆ ಎಂದ. ಇಲ್ಲ ಎಂದರೆ ಕುಮುದಿನಿ ಹೇಳಿದ್ದು ಸರಿ ಎಂದೂ ಆಗಬಹುದು, ದೋಣಿ ಮುಳುಗಿದೆ ಎಂದೂ ಆಗಬಹುದು. ಕುಮುದಿನಿಯ ಬೆರಳುಗಳು ತಾಳ ಹಿಡಿದಂತೆ ಮೊಣಕಾಲಿನ ಮೇಲೆ ಬಡಿಯುತ್ತಿದ್ದವು. ಶೈಲೇಶನ ಫೋನು ಸಿಗುತ್ತಿರಲಿಲ್ಲ. ಬೆಳಕು ಹಳದಿಯಾಯಿತು, ಸಮುದ್ರ ಕಪ್ಪಾಗತೊಡಗಿತು. ಮಳೆ ಎರಡು ಹನಿ ಹಾಕಿ ನಿಂತಿತು.

ಫೋನ್ ಬಂದದ್ದು ದೀಕ್ಷಿತಾಳಿಗೆ. ಅವಳು ಹಲೋ ಎನ್ನುವ ಮೊದಲೇ ಆ ಕಡೆಯಿಂದ ಶೈಲೇಶನ ಕೂಗು ನಮಗೆಲ್ಲ ಕೇಳಿಸಿತು. "ಸಿಕ್ಕಿದ್ರು! ಬದುಕಿದ್ದಾರೆ! ಮಾಮಿಗೆ ಹೇಳು!"

ಕುಮುದಿನಿ ಏಳಲು ಹೋದಳು. ನನ್ನ ಹೆಗಲು ಹಿಡಿದು ಹಾಗೆಯೇ ಕೂತಳು.

ಎಲ್ಲಿಂದಲೋ ತೇಲಿ ಬಂದ ಹರಕು ಬಲೆಯೊಂದು ಕಿಟ್ಟುವಿನ ಎಂಜಿನ್ನಿನ, ನೀರಿನಡಿ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತ್ತು. ಬಿಡಿಸಲು ಬಾಗಿದಾಗ ತೆರೆ ಬಂದು ಕತ್ತಿ ಅವನ ಎಡಗೈಯನ್ನೇ ಸೀಳಿತ್ತು. ಫೋನು ನೀರಿಗೆ ಬಿದ್ದಿತ್ತು. ಲುಂಗಿಯ ತುಂಡಿನಿಂದ ಕೈ ಕಟ್ಟಿಕೊಂಡು, ಲಂಗರು ಹಾಕಿ, ಅದು ನೆಲಕ್ಕೆ ಕಚ್ಚದೆ ಜಾರುತ್ತಿದ್ದ ಹಾಗೆ ಇಡೀ ದಿನ ದಕ್ಷಿಣಕ್ಕೆ ತೇಲಿ ಹೋಗಿದ್ದ. ಶೈಲೇಶ್ ಕಂಡಾಗ ಮಂಜೇಶ್ವರದ ಕಡೆ ದಡದಲ್ಲಿ ಒಡೆಯುವ ತೆರೆಗಳು ಹತ್ತಿರವಿದ್ದವು. ಇನ್ನು ಸ್ವಲ್ಪ ತಡವಾಗಿದ್ದರೆ ದೋಣಿ ಮಗುಚುತ್ತಿತ್ತು ಎಂದು ಶೈಲೇಶ್ ಆಮೇಲೆ ಹೇಳಿದ, ಮಾಮಿಯ ಎದುರಿಗಲ್ಲ.

ದಡಕ್ಕೆ ಇಳಿಸಿದಾಗ ಕಿಟ್ಟುವಿನ ತುಟಿ ಬಿಳುಚಿತ್ತು. ಇಬ್ಬರು ಹಿಡಿದುಕೊಂಡಿದ್ದರು. ಸುತ್ತಲೂ ನೋಡಿದವನು ಮೊದಲು ಕೇಳಿದ್ದು ನೀರನ್ನಲ್ಲ.

"ಆ ಕಡೆ ಹುಡುಕ್ಲಿಕ್ಕೆ ಹೇಳಿದ್ದು ಯಾರು?"

ಎಲ್ಲರೂ ಶೈಲೇಶನ ಮುಖ ನೋಡಿದರು. ಅವನು ಕಾಲಿನಿಂದ ಮರಳು ಕೆದರಿದ.

"ನಾನು," ಎಂದಳು ಕುಮುದಿನಿ. "ಬೈಯ್ಯುದಾದರೆ ಮನೆಗೆ ಬಂದು ಬೈಯ್ಯಿ. ಈಗ ಕೈ ತೋರಿಸಿ."

ಮೊಯ್ದೀನಬ್ಬನ ಟೆಂಪೊದಲ್ಲೇ ಆಸ್ಪತ್ರೆಗೆ ಹೋದರು. ಐಸಿನ ಪೆಟ್ಟಿಗೆಗಳ ನಡುವೆ ಅವಳು ಅವನ ಕೈಯನ್ನು ಎತ್ತಿ ಹಿಡಿದು ಕೂತಿದ್ದಳು.

ಅವನು ಬೈಯಲಿಲ್ಲ. ಮಾತೇ ಆಡಲಿಲ್ಲ. ಕೈಗೆ ಹೊಲಿಗೆ ಹಾಕಿಸಿಕೊಂಡು ಜಗಲಿಯಲ್ಲಿ ಕೂತು ಬೆಳಗಿನ ಹೊತ್ತು ಸಮುದ್ರ ನೋಡುತ್ತಿದ್ದ. ದೋಣಿಗಳು ಒಂದರ ಹಿಂದೆ ಒಂದು ನೇರ ದಕ್ಷಿಣಕ್ಕೆ ಹೋಗುತ್ತಿದ್ದವು. ಈಗ ಯಾರಿಗೂ ನಾಚಿಕೆ ಇರಲಿಲ್ಲ, ಸುತ್ತು ಬಳಸಿ ಹೋಗುವ ಕೆಲಸವೂ ಇರಲಿಲ್ಲ. ಸಂಜೆ ಅವರು ಮುರು ಮೀನು ಇಳಿಸುವಾಗ ಕಿಟ್ಟು ಎದ್ದು ಒಳಗೆ ಹೋಗುತ್ತಿದ್ದ. ಶೈಲೇಶ್ ಒಮ್ಮೆ ದೊಡ್ಡ ಮುರುವೊಂದನ್ನು ತಂದು ಬಾಗಿಲಲ್ಲಿಟ್ಟ. ಕುಮುದಿನಿ ಸಾರು ಮಾಡಿದಳು. ಕಿಟ್ಟು ಊಟ ಮಾಡಿದ, ಉಪ್ಪಿನ ಬಗ್ಗೆಯೂ ಏನೂ ಹೇಳಲಿಲ್ಲ.

"ಬೈದಿದ್ದರೆ ಒಳ್ಳೆಯದಿತ್ತು," ಎಂದಳು ಅವಳು ಆ ಶನಿವಾರ. ನಾನು ಕೇಳುತ್ತ ಕೂತೆ.

ಮೌನ ಮುರಿದದ್ದು ಮಗಳು. ಒಂದು ಸಂಜೆ ಫೋನ್ ಹಿಡಿದು ಅವನ ಮುಂದೆ ಕೂತಳು. "ಅಪ್ಪ, ನೀವು ಹೇಳಿದ ಪಣಂಬೂರೆಲ್ಲ ಇದರಲ್ಲಿ ಹಾಗೇ ಉಂಟು. ಅಳಿಸಿ ಬಿಡ್ಲಾ?"

ಕುಮುದಿನಿ ಅಡಿಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ನಿಂತಿದ್ದಳು.

"ಅಳಿಸ್ಬೇಡ," ಎಂದ ಕಿಟ್ಟು ಕೊನೆಗೆ. "ಅಳಿಸಿದ್ರೆ ಯಾವ ಗಾಳಿ, ಯಾವ ಎಣ್ಣೆ ಆ ಕಲ್ಲಿನದ್ದು ಅಂತ ಅದಕ್ಕೆ ಗೊತ್ತಾಗ್ಲಿಕ್ಕಿಲ್ಲ. ಹೇಳಿದ್ದು ಸುಳ್ಳು ಅಂತ ನೆನಪಿಡ್ಲಿಕ್ಕೆ ಹೇಳು."

ದೀಕ್ಷಿತಾ ಹಾಗೇ ಹೇಳಿದಳು. "ಸರಿ," ಎಂದಿತು ಫೋನು. "ಇನ್ನು ಮುಂದೆ ಜಾಗದ ಹೆಸರು ಹೇಳಿದರೆ ಅದನ್ನು ನಂಬಬೇಕೇ ಎಂದು ನಿಮ್ಮನ್ನು ಕೇಳುತ್ತೇನೆ."

"ಕೇಳು, ಕೇಳು," ಎಂದ ಕಿಟ್ಟು. "ನಾನೂ ಯೋಚನೆ ಮಾಡಿ ಹೇಳ್ತೇನೆ." ಅವನ ಮೀಸೆಯಡಿ ನಗು ಬಂದದ್ದನ್ನು ಮಗಳು ನೋಡಿದಳಂತೆ.

ಹೊಲಿಗೆ ಬಿಚ್ಚಿ, ಕೈ ಕೂಡಿಕೊಂಡ ಮೇಲೆ ಅವನು ಮತ್ತೆ ಸಮುದ್ರಕ್ಕೆ ಹೊರಟ. ಕಲ್ಲಿನ ಕಡೆಗೆ ಹೋಗಿ ಪ್ರಯೋಜನವಿಲ್ಲ, ಅಲ್ಲಿ ಈಗ ಸಂತೆ. ಹೊಸ ಜಾಗ ಹುಡುಕಬೇಕು. ಬಾಗಿಲಲ್ಲಿ ಬುತ್ತಿ ಕೊಟ್ಟ ಕುಮುದಿನಿ ಒಳಗೆ ತಿರುಗಿದ್ದಳು. ಅವನು ಅಂಗಳದಿಂದ ವಾಪಸ್ ಬಂದ. ಏನೋ ಮರೆತ ಎಂದುಕೊಂಡಳು. ಅವನು ಆಚೀಚೆ ನೋಡಿದ, ಫೋನು ಚಾರ್ಜಿಗೆ ಇಟ್ಟಿದ್ದ ಮೂಲೆಯನ್ನೂ ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, ದಡದ ಯಾವ ಎರಡು ಗುರುತುಗಳು ಒಂದೇ ನೇರಕ್ಕೆ ಬರುವಲ್ಲಿ ದೋಣಿ ನಿಲ್ಲಿಸುತ್ತೇನೆ ಎಂದು ಹೇಳಿ ಹೋದ.

ಇದೊಂದನ್ನು ಮಾತ್ರ ಅವಳು ನನಗೆ ಹೇಳಿದ್ದು ಮಂದಿರದಲ್ಲಿ ಭಜನೆ ಶುರುವಾಗುವ ಹೊತ್ತಿಗೆ. ಕುಮುದಿನಿ ತಾಳ ಕೈಗೆತ್ತಿಕೊಂಡಳು. ಯಾವ ಗುರುತುಗಳು ಎಂದು ನಾನು ಕೇಳಲಿಲ್ಲ.